ಪಾಳಿಯ ಸಂಸಾರ

"ಆ ಮನೆಯವರದು ಪಾಳಿಯ ಸಂಸಾರ ಕಣ್ರೀ. ಗಂಡ ಏಳೋ ಹೊತ್ತಿಗೆ ಹೆಂಡ್ತಿ ಮಲಗ್ತಾಳೆ" ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ನಾನು ಬೇಕರಿಯವನು, ಬೆಳಕು ಹರಿಯುವ ಮುಂಚೆಯೇ ಹಿಟ್ಟು ನಾದುತ್ತಾ ಹಾಡುವ ಪ್ರಾಣಿ. ನನ್ನವಳು ನಾಟಕದವರಿಗೆ ಉಡುಪು ಹೊಲಿಯುವವಳು. ಬೆಳಿಗ್ಗೆ ಅವಳ ಕೈಗೆ ಬ್ರಷ್ ಕೊಟ್ಟರೆ ತಲೆ ಬಾಚಿಕೊಳ್ಳುತ್ತಾಳೆ. (ಹಲ್ಲುಜ್ಜುವ ಬ್ರಷ್.)

ಇದು ಬರೀ ಸೋಮಾರಿತನವೆಂದು ತೀರ್ಮಾನಿಸಿ ನಾನು ಪತ್ನೀ ಸುಧಾರಣಾ ಮಹಾಭಿಯಾನ ಕೈಗೊಂಡೆ. ಹೊಸ ನಾಟಕದ ಬಟ್ಟೆ ಒಪ್ಪಿಸಬೇಕಾದ ವಾರವೇ ಅದು. ಅವಳನ್ನು ನನ್ನ ಜೊತೆಗೇ ಎಬ್ಬಿಸಿ ಹೊಲಿಗೆ ಯಂತ್ರದ ಮುಂದೆ ಕೂರಿಸಿದೆ, ಸಂಜೆಯಾಗುತ್ತಲೇ ದೀಪ ಆರಿಸಿ ಮಲಗಿಸಿದೆ. ಕೊನೆಗೆ ನಾಟಕದ ಮೇಷ್ಟ್ರು ಬಂದು ರಾಜನ ಷರಾಯಿ ಎತ್ತಿ ಹಿಡಿದರು. ಎರಡು ಕಾಲೂ ಸೇರಿ ಒಂದೇ ಆಗಿತ್ತು.

"ಏನಮ್ಮಾ, ರಾಜರು ಕುಪ್ಪಳಿಸಿಕೊಂಡು ಯುದ್ಧಕ್ಕೆ ಹೋಗ್ಬೇಕಾ?"

"ಮಂತ್ರಿಗೂ ಹಾಗೇ ಹೊಲ್ದಿದೀನಿ" ಎಂದಳು ಆಕಳಿಸುತ್ತಾ.

"ನಾಳೆ ಬೆಳಿಗ್ಗೆ ಸರಿಯಾಗಿ ಸಿಗದಿದ್ರೆ ಇನ್ನು ಬೇರೆಯವರನ್ನ ನೋಡ್ಕೋತೀನಿ."

ಅವರು ಹೋದ ಮೇಲೆ ನನ್ನವಳು ಕೇಳಿದಳು: "ಇವತ್ತೊಂದಿನ ನನ್ನ ಪಾಡಿಗೆ ನನ್ನ ಬಿಡ್ತೀರಾ?"

ಪ್ರಾಯಶ್ಚಿತ್ತಕ್ಕೆಂದು ನಾನೂ ಎಚ್ಚರವಿರುವೆನೆಂದು ಘೋಷಿಸಿದೆ. ದೀಪ ಹತ್ತಿದ ಮೇಲೆ ಅವಳು ಬದಲಾದದ್ದನ್ನು ನೋಡಿದೆ, ಸ್ವಾಮಿ. ಬೆನ್ನು ನೆಟ್ಟಗಾಯಿತು. ಕಣ್ಣಿಗೆ ಹೊಳಪು ಬಂತು. ನೋಡದೆಯೇ ಸೂಜಿಗೆ ದಾರ ಪೋಣಿಸಿದಳು. ಕತ್ತರಿ ನೀರಲ್ಲಿ ಮೀನು ಹೋದಂತೆ ಬಟ್ಟೆಯಲ್ಲಿ ಹೋಯಿತು. ಇವಳ ಸೂರ್ಯ ಇವಳೊಳಗೇ ಇದ್ದಾನೆ, ತನ್ನದೇ ಹೊತ್ತಿಗೆ ಮೂಡುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ನನ್ನ ಸೂರ್ಯ ಊಟದ ತಟ್ಟೆಯಲ್ಲಿ ಮುಳುಗಿದ.

ಎಚ್ಚರವಾದಾಗ ಇಡೀ ರಾಜಸಭೆ ಗೋಡೆಗೆ ನೇತಾಡುತ್ತಿತ್ತು. ರಾಜ, ಮಂತ್ರಿ, ಸೈನ್ಯ. ಎಲ್ಲರಿಗೂ ಎರಡೆರಡು ಕಾಲು. ಬೇಕರಿ ಮರೆತು ನಿಂತುಬಿಟ್ಟೆ. ಇಷ್ಟು ವರ್ಷ ನಾನು ಗೊರಕೆ ಹೊಡೆಯುವಾಗಲೆಲ್ಲ ಪಕ್ಕದ ಕೋಣೆಯಲ್ಲಿ ಇಂಥದ್ದು ನಡೆಯುತ್ತಿತ್ತೇ?

ಮೇಷ್ಟ್ರು ಬಂದು ಒಂದೊಂದನ್ನೂ ಸವರಿ ನೋಡಿ, ತಲೆದೂಗಿ, ಅಲ್ಲೇ ಇದ್ದು ಹೊಲಿಯಲೆಂದು ರಂಗಮಂದಿರದ ಹಿಂದಿನ ಮನೆಯನ್ನೇ ಅವಳಿಗೆ ಬಿಟ್ಟುಕೊಟ್ಟರು. ಒಂದೆರಡು ದಿನದಲ್ಲೇ ಅವಳು ಪಾತ್ರೆ ಕಟ್ಟತೊಡಗಿದಳು.

"ಇದೇನೇ, ನನ್ನ ಒಂದು ಮಾತೂ ಕೇಳದೆ?"

"ಕೇಳಿದೆನಲ್ಲ, ರಾತ್ರಿ. ಹೂಂ ಅಂದ್ರಿ."

"ಅದು ನಿದ್ದೆಗಣ್ಣಲ್ಲಿ ಕಣೇ."

"ಬೇಕರಿ ಪಕ್ಕದ ಈ ಮನೆಗೆ ನನ್ನ ಬಾಯಲ್ಲಿ ಹೂಂ ಅನ್ನಿಸಿದ್ರಲ್ಲ, ಅದು ಬೆಳಿಗ್ಗೆ ಎಷ್ಟು ಹೊತ್ತಿಗೆ?"

ನಾನೇ ಪಾತ್ರೆಗೆ ಹಗ್ಗ ಬಿಗಿದೆ.

ಗಾಡಿಯನ್ನು ಅವಳು ರಾತ್ರಿ ಊಟದ ನಂತರಕ್ಕೆ ಹೇಳಿದ್ದಳು. ಹಾಗಾಗಿ ಆ ಮನೆ ಬಿಟ್ಟದ್ದು ನನಗೆ ನೆನಪೇ ಇಲ್ಲ. ಗಾಡಿಯವನು ಹೇಳಿದಂತೆ, ನಾನು ದಿಂಬು ತಬ್ಬಿಕೊಂಡು, ಕಣ್ಣು ಮುಚ್ಚಿಯೇ ಹೊಸ್ತಿಲು ದಾಟಿದೆನಂತೆ. ಅವಳು ನನ್ನ ಮೊಣಕೈ ಹಿಡಿದು, "ಮೆಟ್ಟಿಲಿದೆ, ಮೆಲ್ಲಗೆ" ಎನ್ನುತ್ತಾ ಇಳಿಸಿದಳಂತೆ.