ಪುಸ್ತಕದಲ್ಲಿ ಇಲ್ಲದ ಆನೆ

ಪುಸ್ತಕ ಇರುವ ಕಡೆ ಗದ್ದಲ ಇರುವುದಿಲ್ಲ ಎನ್ನುವವರು ನಮ್ಮ ಮನೆಯ ವರಾಂಡಕ್ಕೆ ಒಂದು ದಿನವೂ ಬಂದವರಲ್ಲ. ನಗುವಂಥದ್ದೇನೂ ನಡೆಯದೆ ಅಲ್ಲಿ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ.

ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಗಂಡಸರು ಕೆಲಸಕ್ಕೆ ಹೋದ ಮೇಲೆ ಬನಶಂಕರಿ ಕಡೆಯಿಂದ ಗಾಳಿ ಬೀಸಿದರೆ ಇಡೀ ಬೀದಿಗೆ ತೂಕಡಿಕೆ ಬರುತ್ತಿತ್ತು. ಆ ತೂಕಡಿಕೆ ತಡೆಯಲಾರದೆ ನಾನು ವರಾಂಡದಲ್ಲಿ ಎರಡು ಬೀರು ಇಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿ ಶುರು ಮಾಡಿದೆ. “ಇಲ್ಲಿ ಓದೋರು ಯಾರಿದ್ದಾರೆ, ಎಮ್ಮೆಗಳಾ?” ಅಂದರು ನಮ್ಮನೆಯವರು. ಎಮ್ಮೆಗಳು ಬಂದದ್ದೂ ನಿಜ. ಆದರೆ ಅವುಗಳ ಹಿಂದೆಯೇ ಜನವೂ ಬಂದರು.

ನಾನು ಮಾಡಿದ ಕಾನೂನು ಒಂದೇ. ಪುಸ್ತಕ ವಾಪಸು ತಂದವರು ಅದು ಹೇಗಿತ್ತು ಅಂತ ಅಲ್ಲಿ ಕೂತವರಿಗೆ ಹೇಳಬೇಕು. ಅದನ್ನು ಕೇಳಿ, ಮನಸ್ಸಾದವರು ತಗೊಂಡು ಹೋಗಬೇಕು. ಯಾವುದು ಚೆನ್ನಾಗಿದೆ ಅಂತ ನನ್ನನ್ನು ಕೇಳುವ ಹಾಗಿಲ್ಲ. ಒಳ್ಳೆಯ ಕಾನೂನು ಅಂತ ನನಗೆ ಈಗಲೂ ಅನ್ನಿಸುತ್ತದೆ. ಪಜೀತಿಯೆಲ್ಲ ಶುರುವಾದದ್ದು ಅದರಿಂದಲೇ.

ಕೊನೇ ಹಾಳೆ

ಎದುರು ಸಾಲಿನಲ್ಲಿ ಒಬ್ಬ ರಿಟೈರಾದ ಗುಮಾಸ್ತರಿದ್ದರು. ಪುಸ್ತಕ ಕೈಗೆ ಸಿಕ್ಕಿದರೆ ಮೊದಲು ಕೊನೆಯ ಪುಟ ತೆಗೆಯುವುದು ಅವರ ಚಟ. “ಸರ್ವಿಸ್‌ನಲ್ಲಿ ಇದ್ದಾಗಿಂದ ಹೀಗೇ ಅಮ್ಮ. ಫೈಲಿನಲ್ಲಿ ಕೊನೇ ಹಾಳೆ ನೋಡಿದ್ರೆ ಸಾಕು, ಮಿಕ್ಕಿದ್ದೆಲ್ಲ ಸುಮ್ನೆ” ಅನ್ನುತ್ತಿದ್ದರು.

ತಮ್ಮ ಪಾಡಿಗೆ ತಾವು ಹಾಗೆ ಓದಿಕೊಂಡಿದ್ದರೆ ಯಾರಿಗೇನು ನಷ್ಟ? ಆದರೆ ಕಾನೂನಿನ ಪ್ರಕಾರ ಅವರು ಹೇಳಲೇಬೇಕಲ್ಲ. ಒಂದು ಪತ್ತೇದಾರಿ ಕಾದಂಬರಿ ವಾಪಸು ತಂದವರು, “ಸೊಗಸಾಗಿದೆ, ತಪ್ಪದೆ ಓದಿ. ಕೊಂದೋನು ಡಾಕ್ಟರು” ಅಂದರು. ಆ ಪುಸ್ತಕಕ್ಕೇ ಕಾಯುತ್ತಿದ್ದ, ನಮ್ಮ ಬೀದಿಯಲ್ಲೇ ಇದ್ದ ಆಸ್ಪತ್ರೆಯ ನರ್ಸಮ್ಮನ ಮುಖ ಬಾಡಿಹೋಯಿತು. ಇನ್ನೊಂದು ವಾರ, “ಕರುಳು ಹಿಂಡೋ ಕತೆ. ಇಬ್ರೂ ಸತ್ತೋಗ್ತಾರೆ, ಆರಾಮಾಗಿ ಓದಿ” ಅಂತ ಮತ್ತೊಂದನ್ನು ಇಟ್ಟು ಹೋದರು.

ನಾನು ಕೈಮುಗಿದು, “ಇನ್ನು ಮೇಲೆ ನೀವು ಓದದೇ ಇರೋ ಪುಸ್ತಕದ ಬಗ್ಗೆ ಮಾತ್ರ ಹೇಳಿ ಸಾರ್” ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಬೀರುವಿನಲ್ಲಿದ್ದ, ಮುಟ್ಟಿಯೂ ನೋಡದ ಪುಸ್ತಕಗಳನ್ನು ತೋರಿಸಿ, “ಇದು ಅದ್ಭುತವಾಗಿರ್ಬೇಕು, ರಟ್ಟು ನೋಡಿದ್ರೇ ಗೊತ್ತಾಗುತ್ತೆ” ಎಂದು ಹೇಳತೊಡಗಿದರು. ಆಮೇಲೆ ನಮ್ಮ ಬೀದಿಯ ಜನ ಅವರ ಮಾತನ್ನು ನಂಬಿದಷ್ಟು ಓದಿದವರ ಮಾತನ್ನೂ ನಂಬಲಿಲ್ಲ.

ಮುದ್ದೆ ಉಂಡು ಓದಬೇಕು

ಪಕ್ಕದ ರಸ್ತೆಯಲ್ಲಿ ಜರಗನಹಳ್ಳಿ ಕಡೆಯ ಗೌಡರ ಮನೆ. ಊರಲ್ಲಿ ಹೊಲ, ಇಲ್ಲಿ ಹೊಸದಾಗಿ ಕಟ್ಟಿದ ಮನೆ. ಗೌಡರು, ಅವರ ಹೆಂಡತಿ, ಮಗ, ಸೊಸೆ. ಮಧ್ಯಾಹ್ನ ಊಟವಾಗಿ ಗೌಡರು ಆರಾಮ ಕುರ್ಚಿಯಲ್ಲಿ ಕಾಲು ಚಾಚಿದರೆ ಸಂಜೆಯ ಕಾಫಿಯವರೆಗೆ ಏಳುವುದಿಲ್ಲ. ನೀರಿನ ಚೊಂಬು ಕುರ್ಚಿಯ ಪಕ್ಕದಲ್ಲೇ ಇದ್ದರೂ ಯಾರಾದರೂ ಬಂದು ಕೈಗೆ ಕೊಡಬೇಕು.

ಅವರಿಗೆ ಪುಸ್ತಕ ಅಂದರೆ ಪ್ರಾಣ. ಒಂದೆರಡು ಪುಟ ಓದುವಷ್ಟರಲ್ಲಿ ಪುಸ್ತಕ ಎದೆಯ ಮೇಲೆ, ಗೌಡರು ನಿದ್ದೆಯಲ್ಲಿ. ಮಿಕ್ಕ ಕತೆಯನ್ನು ಅವರು ಕನಸಿನಲ್ಲೇ ಮುಗಿಸುತ್ತಿದ್ದರು. ಅದು ಕನಸು ಅಂತ ಅವರಿಗೇ ಗೊತ್ತಿರುತ್ತಿರಲಿಲ್ಲ. ಒಂದು ಸಂಜೆ ಪುಸ್ತಕ ವಾಪಸು ತಂದು, ಕಣ್ಣು ಅರೆ ಮುಚ್ಚಿಕೊಂಡು ಹೇಳಿದರು.

“ರಾಜ ಬೆಳದಿಂಗಳಲ್ಲಿ ಹೊಳೆ ದಾಟ್ತಾನೆ. ಆ ದಡದಲ್ಲಿ ಒಂದು ಬಿಳೀ ಆನೆ ನಿಂತದೆ. ಸೊಂಡ್ಲಲ್ಲಿ ದೀಪ ಹಿಡ್ಕಂಡದೆ. ಏನೂ ಮಾಡಲ್ಲ, ಸುಮ್ನೆ ಮುಂದೆ ಮುಂದೆ ನಡೀತದೆ. ಇವನು ಹಿಂದೆ ಹಿಂದೆ ಹೋಯ್ತಾನೆ. ಹೊಲ ಎಲ್ಲ ಬೆಳ್ಳಗೆ, ಹಾಲು ಚೆಲ್ಲಿದಂಗೆ.”

ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹೊರಗೆ ಕತ್ತಲಾಗುತ್ತಿತ್ತು, ಎದುರಿನ ಹೊಲದಲ್ಲಿ ಆ ಆನೆ ಬಂದು ನಿಂತರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಆ ಪುಸ್ತಕವನ್ನು ನರ್ಸಮ್ಮ ಕಸಿದುಕೊಂಡ ಹಾಗೆ ತಗೊಂಡು ಹೋದರು.

ಮೂರನೆಯ ದಿನವೇ ಸಿಟ್ಟಿನಿಂದ ಬಂದರು. “ಎಲ್ರೀ ಆನೆ? ಇದು ರಾಜನ ಕತೇನೇ ಅಲ್ಲ. ಬ್ಯಾಂಕಲ್ಲಿ ಕೆಲಸ ಮಾಡೋ ಹುಡುಗನ ಕತೆ.”

ಗೌಡರು ಸ್ವಲ್ಪವೂ ಅಳುಕಲಿಲ್ಲ. “ಯಾವ ಹೊತ್ನಲ್ಲಿ ಓದಿದ್ರಿ?” ಎಂದು ಕೇಳಿದರು.

“ಬೆಳಿಗ್ಗೆ, ಡ್ಯೂಟಿಗೆ ಹೋಗೋ ಮುಂಚೆ.”

“ಅದ್ಕೇ ಮತ್ತೆ. ಬೆಳಿಗ್ಗೆ ಆನೆ ಬರಕಿಲ್ಲ ಕಣಮ್ಮ. ಮುದ್ದೆ ಉಂಡು ಓದ್ಬೇಕು.”

ಒಳ್ಳೆಯ ಅತ್ತೆ

ಗೌಡರ ಹೆಂಡತಿ ಗೌಡಮ್ಮನಿಗೆ ಓದು ಬರುತ್ತಿರಲಿಲ್ಲ. ದನಿ ಮಾತ್ರ ಸಿದ್ದಾಪುರದವರೆಗೆ ಕೇಳುವಂಥದ್ದು. ಸೊಸೆ ಮೆಲುಮಾತಿನ ಹುಡುಗಿ. ಮದುವೆಯಿಂದಾಗಿ ಅವಳ ಕಾಲೇಜು ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸುವುದೊಂದೇ ಅವಳ ಆಸೆ. ಒಮ್ಮೆ ಧೈರ್ಯ ಮಾಡಿ ಕೇಳಿದ್ದಕ್ಕೆ, “ನೀನು ಕಾಲೇಜಿಗೆ ಹೋದ್ರೆ ಮುದ್ದೆ ಯಾರು ತೊಳಸೋರು?” ಅಂತ ಗೌಡಮ್ಮ ಆ ಮಾತಿಗೇ ಬಾಗಿಲು ಹಾಕಿಬಿಟ್ಟಿದ್ದರು. ಗಂಡ ಅಮ್ಮನ ಮುಂದೆ ಬಾಯಿ ಬಿಡುವವನಲ್ಲ. ಜೂನ್ ಹತ್ತಿರ ಬರುತ್ತಿತ್ತು. ಹುಡುಗಿ ನಮ್ಮ ವರಾಂಡದಲ್ಲಿ ಕೂತು ಕಣ್ಣೊರೆಸಿಕೊಳ್ಳುವುದನ್ನು ನಾನೇ ನೋಡಿದ್ದೆ. ನನಗೂ ಸಂಕಟವಾಗುತ್ತಿತ್ತು.

ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತಾ ಕತೆ ಕೇಳುವುದೆಂದರೆ ಗೌಡಮ್ಮನಿಗೆ ಆಸೆ. ಓದಿ ಹೇಳುವುದು ಸೊಸೆಯ ಕೆಲಸ. ಒಂದು ದಿನ ಅವಳು ಬೀರುವಿನಿಂದ ಒಂದು ದಪ್ಪ ಕಾದಂಬರಿ ತೆಗೆದಳು. ಅದರಲ್ಲೊಬ್ಬ ಅತ್ತೆ ಇದ್ದಳು. ಎಂಥ ಅತ್ತೆಯೆಂದರೆ, ಅದನ್ನು ಓದಿದ ಮೇಲೆ ನಾನು ನಮ್ಮತ್ತೆ ಕೊಟ್ಟ ಕಾಫಿಯನ್ನು ಮೂಸಿ ಕುಡಿಯುತ್ತಿದ್ದೆ.

“ಅಯ್ಯೋ, ಇದನ್ನಾ ನಿಮ್ಮತ್ತೆಗೆ ಓದಿ ಹೇಳ್ತೀಯ?” ಅಂದೆ.

“ಇದೇ ಬೇಕು ಅಕ್ಕ” ಅಂದಳು.

ಸ್ವಲ್ಪ ದಿನದಲ್ಲೇ ಬೀದಿಯಲ್ಲಿ ಸುದ್ದಿ ಹಬ್ಬಿತು. ಗೌಡಮ್ಮ ಸೊಸೆಯ ತಟ್ಟೆಗೆ ಮೊದಲು ತುಪ್ಪ ಹಾಕುತ್ತಾರಂತೆ. ಉಗ್ರಾಣದ ಬೀಗದ ಕೈ ಸೊಸೆಯ ಸೊಂಟಕ್ಕೆ ಬಂದಿದೆಯಂತೆ. ಮಗನನ್ನೂ ಸೊಸೆಯನ್ನೂ ತಾವೇ ಮ್ಯಾಟಿನಿಗೆ ಕಳಿಸಿದರಂತೆ. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವರ ಮನೆಗೇ ಹೋದೆ. ಗೌಡರು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಾ ಆನೆಯ ಹಿಂದೆ ಹೋಗಿದ್ದರು. ಒಳಗಿಂದ ಓದುವ ದನಿ ಬರುತ್ತಿತ್ತು. ನಾನು ಕಿಟಕಿಯ ಹತ್ತಿರ ಹೊಂಗೆ ಮರದ ಕೆಳಗೆ ನಿಂತೆ.

“‘ಅಳಬೇಡ ಮಗಳೇ. ನಿನ್ನ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ್ದೇನೆ. ಜೂನ್ ತಿಂಗಳಲ್ಲಿ ಕಾಲೇಜು ತೆರೆಯುತ್ತದೆ’ ಎಂದು ಅತ್ತೆ ಸೊಸೆಯ ಕಣ್ಣೊರೆಸಿದಳು.”

ಆ ಜಾಗದಲ್ಲಿ ಪುಸ್ತಕದ ಅತ್ತೆ ಸೊಸೆಯನ್ನು ಕೋಣೆಗೆ ನೂಕಿ ಚಿಲಕ ಹಾಕುತ್ತಾಳೆ. ನನಗೆ ಚೆನ್ನಾಗಿ ನೆನಪಿತ್ತು.

ಅಕ್ಕಿ ಕೇರುವ ಸದ್ದು ನಿಂತಿತು. ಗೌಡಮ್ಮ ಮೂಗು ಸೇದಿದರು. “ಪುಣ್ಯಾತ್ಗಿತ್ತಿ. ಆಮೇಲೆ?”

ಹುಡುಗಿ ಪುಟ ತಿರುವಿದಳು. ಅವಳ ಕಣ್ಣು ಪುಟದ ಮೇಲಿರಲಿಲ್ಲ. ಕಿಟಕಿಯಾಚೆಯ ಬಯಲನ್ನು ನೋಡುತ್ತಾ ಓದುತ್ತಿದ್ದಳು. ಬಂದ ಕೆಲಸ ಮರೆತು ನಾನೂ ಆಮೇಲೇನಾಯಿತು ಅಂತ ಕೇಳುತ್ತಾ ನಿಂತೆ. ಗೌಡರ ಆನೆಯಂತೆಯೇ ಆ ಅತ್ತೆಯೂ ಪುಸ್ತಕದಲ್ಲಿ ಇರಬೇಕಾಗಿತ್ತು ಅಂತ ನನಗೆ ಅನ್ನಿಸಿತು.

ಅಚ್ಚಾದ ಅತ್ತೆ

ಕಾಲೇಜು ತೆರೆಯಲು ಎರಡು ದಿನ ಇದ್ದಾಗ ಗೌಡಮ್ಮ ಸೊಸೆಯ ಜೊತೆ ತಾವೇ ಪುಸ್ತಕ ಹಿಡಿದುಕೊಂಡು ಬಂದರು. ಕಾನೂನು ಅವರಿಗೂ ಗೊತ್ತಿತ್ತು. ವರಾಂಡದ ನಡುವೆ ನಿಂತು ಹೇಳಿದರು.

“ಎಲ್ರೂ ಓದ್ಬೇಕಾದ ಪುಸ್ತಕ. ಅದ್ರಲ್ಲಿರೋ ಅತ್ತೆ ದೇವ್ರಂಥೋಳು. ಸೊಸೇನ ಕಾಲೇಜಿಗೆ ಕಳಿಸ್ತಾಳೆ. ಅವಳಿಗಿಂತ ನಾನೇನು ಕಡ್ಮೆ? ಸೋಮವಾರದಿಂದ ಇವಳೂ ಹೋಯ್ತಾಳೆ.”

ನಾನು ಪುಸ್ತಕಕ್ಕೆ ಕೈ ಚಾಚುವುದರೊಳಗೆ ಗುಮಾಸ್ತರು ತಗೊಂಡಿದ್ದರು. ತಗೊಂಡವರು ಎಲ್ಲಿ ತೆಗೆಯುತ್ತಾರೆ ಅಂತ ಹೇಳಬೇಕಾಗಿಲ್ಲ. “ದೇವ್ರಂಥೋಳಾ?” ಎಂದು ಹುಬ್ಬು ಗಂಟಿಕ್ಕಿ, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿಯೇಬಿಟ್ಟರು. “‘ಅನ್ನ ಹಾಕದೆ ನಿನ್ನನ್ನು ಕೊಂದುಬಿಟ್ಟೆನಲ್ಲ ಮಗಳೇ’ ಎಂದು ಅತ್ತೆ ಸೊಸೆಯ ಫೋಟೋ ಮುಂದೆ ಗೋಳಾಡಿದಳು.”

ಸೊಸೆ ಎರಡು ಹೆಜ್ಜೆ ಹಿಂದೆ ಸರಿದು ಬೀರುವಿಗೆ ಆತು ನಿಂತಳು.

“ಇದೇ ಪುಸ್ತಕಾನಾ?” ಗೌಡಮ್ಮ ಕೇಳಿದರು.

“ಇದೇ. ಅಚ್ಚಾಗಿದೆ ನೋಡಿ” ಅಂದರು ಗುಮಾಸ್ತರು.

ಗೌಡಮ್ಮ ಸೊಸೆಯ ಕಡೆ ತಿರುಗಿದರು. “ಹಂಗಾದ್ರೆ ಬೀಗದ ಕೈ?”

“ಪುಸ್ತಕದಲ್ಲಿ ಕೊಡಲ್ಲ ಅತ್ತೆ.”

“ತುಪ್ಪ?”

“ತುಪ್ಪಾನೂ ಇಲ್ಲ.”

“ಮ್ಯಾಟಿನಿ?”

“ಮನೆಯಿಂದ ಆಚೆಗೇ ಬಿಡಲ್ಲ.”

“ಕಾಲೇಜು?”

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು.

“ಮತ್ತೆ ಇಷ್ಟು ದಿನ ನೀನು ಓದಿದ್ದು?”

“ನಾನೇ ಕಟ್ಟಿದ್ದು ಅತ್ತೆ. ಹಾಗಿದ್ರೆ ಚೆನ್ನಾಗಿರುತ್ತೆ ಅಂತ.”

ಗೌಡಮ್ಮ ಪುಸ್ತಕವನ್ನು ಇಸಿದುಕೊಂಡರು. ತಲೆಕೆಳಗಾಗಿ ಹಿಡಿದು ಹಿಂದೆ ಮುಂದೆ ನೋಡಿದರು. ಆಮೇಲೆ ಅದನ್ನು ಗುಮಾಸ್ತರ ಕೈಗೇ ವಾಪಸು ಕೊಟ್ಟರು.

“ಬರ್ದೋನಿಗೆ ಅತ್ತೆ ಅಂದ್ರೆ ಏನೂಂತ ಗೊತ್ತಿಲ್ಲ ಬುಡಿ. ನಮ್ಮ ಹುಡುಗಿ ಸರ್ಯಾಗಿ ಓದವ್ಳೆ.”

ಹುಡುಗಿ ಅಳುತ್ತಲೇ ನಕ್ಕಳು. ನನಗೂ ಕಣ್ಣು ತುಂಬಿತು. ಗೌಡಮ್ಮ ಅದೊಂದನ್ನೂ ಗಮನಿಸದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀರುವಿನ ಮುಂದೆ ನಿಂತಿದ್ದರು.

“ಇನ್ನೊಂದು ಪುಸ್ತಕ ಕೊಡವ್ವ. ಕಾಲೇಜಿಗೆ ರಜಾ ಇದ್ದ ದಿನ ಇವಳು ಓದ್ಲಿ.”

“ಎಂಥದ್ದು ಬೇಕು ಗೌಡಮ್ಮ?”

“ಅದ್ರಲ್ಲಿ ಒಬ್ಬ ಮಾವ ಇರ್ಬೇಕು. ಎಂಥೋನಾದ್ರೂ ಪರ್ವಾಗಿಲ್ಲ, ಇವಳು ಸರಿ ಮಾಡ್ಕಂಡು ಓದ್ತಾಳೆ” ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ, ತಮ್ಮ ಲೆಕ್ಕದಲ್ಲಿ ಪಿಸುಗುಟ್ಟುತ್ತಾ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು. “ಆದ್ರೆ ನಿಮ್ಮಾವ ಆನೆ ಹಿಂದೆ ಹೋಗೋಕ್ಕೆ ಮುಂಚೆ ಓದು.”