ಪೆನ್‌ಡ್ರೈವಿನ ಬಾಯಿಗೆ ಪಾಲಿಶ್

ಹೊಳೆಯದ ಸಾಮಾನು ನಮ್ಮ ಮನೆಯ ಹೊಸಿಲು ದಾಟಬಾರದು. ಇದು ನಾನೇ ಮಾಡಿದ ಕಾನೂನು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆಗಳಿಗೇನು ಬರವಿಲ್ಲ. ನಮ್ಮದೂ ಅದರಲ್ಲೊಂದು. ಲೇತಿನ ಮೇಲೆ ಮರ ಕಡೆಯುವುದು ನನ್ನ ಗಂಡನ ಕೆಲಸ, ಅದಕ್ಕೆ ಅರಗಿನ ಬಣ್ಣ ಹಾಕಿ ಹೊಳಪು ಕೊಡುವುದು ನನ್ನ ಕೆಲಸ. ಅವರು ಕೆಳಗಿಟ್ಟಾಗ ಅದು ಬರೀ ಮರ, ನಾನು ಮುಟ್ಟಿದ ಮೇಲೆ ಗೊಂಬೆ. ಈ ಮಾತನ್ನು ಅವರ ಎದುರಿಗೇ ಹೇಳುತ್ತೇನೆ. ಲೇತಿನ ಸದ್ದಿಗೆ ಅವರ ಕಿವಿ ಅರ್ಧ ಹೋಗಿದೆ, ಉಳಿದರ್ಧದಲ್ಲಿ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ.

ಅರಗಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಹಾಗಿಲ್ಲ. ಬಿಂದಿಗೆ ತೂತಾದರೆ ಅರಗು. ಚಾಕುವಿನ ಹಿಡಿ ಸಡಿಲವಾದರೆ ಅರಗು. ಒಂದು ಸಲ ಲೇತಿನ ವೈರಿನ ಸಿಪ್ಪೆ ಕಿತ್ತುಹೋಗಿ ಗಂಡನಿಗೆ ಕರೆಂಟು ಹೊಡೆಯಿತು. ಅವರು ನೆಲದ ಮೇಲೆ ಕೂತು ದೇವರನ್ನು ಕರೆಯುತ್ತಿದ್ದರು. ನಾನು ಸ್ವಿಚ್ಚು ಆರಿಸಿ ಆ ಜಾಗಕ್ಕೆ ಅರಗು ಮೆತ್ತಿದೆ. ಆಮೇಲೆ ಅದು ಯಾರಿಗೂ ಹೊಡೆಯಲಿಲ್ಲ. ಈ ಸಂಗತಿಯನ್ನು ಓದುವವರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಆಗ ಬಿಡದಿಯ ಕಡೆ ದಿನಕ್ಕೊಂದು ಕಾರ್ಖಾನೆ ಏಳುತ್ತಿತ್ತು. ನನ್ನ ಸೊಸೆ ಸವಿತಾ ನಮ್ಮ ಹೆಂಗಸರ ಸಂಘದ ಕಾರ್ಯದರ್ಶಿ. ಪಿಯುಸಿವರೆಗೆ ಓದಿದ್ದಾಳೆ, ಮಾತಿಗೆ ಹೆದರುವುದಿಲ್ಲ. ಅಂಥದೊಂದು ಕಾರ್ಖಾನೆಗೆ ಹೋಗಿ, ಅಲ್ಲಿಯ ಸಾಹೇಬರ ಹತ್ತಿರ ಮಾತಾಡಿ, ಒಂದು ಆಸೆ ಹೊತ್ತುಕೊಂಡು ಬಂದಳು. ಕಾರ್ಖಾನೆಯವರು ಹೊಸ ವರ್ಷಕ್ಕೆ ಬೇಕಾದವರಿಗೆಲ್ಲ ಒಂದೊಂದು ಪೆನ್‌ಡ್ರೈವ್ ಉಡುಗೊರೆ ಕೊಡುತ್ತಾರಂತೆ. ಅದನ್ನು ನಮ್ಮ ಗೊಂಬೆಯೊಳಗೆ ಕೂರಿಸಿ ಕೊಟ್ಟರೆ ಚೆಂದ ಎಂದು ಸಾಹೇಬರಿಗೆ ಅನಿಸಿದೆ. ಮಾದರಿಗೆ ಒಂದು ಪೆನ್‌ಡ್ರೈವ್ ಕೊಟ್ಟು, ಶುಕ್ರವಾರ ತಂದು ತೋರಿಸಿ ಎಂದಿದ್ದಾರೆ. ಮಾದರಿ ಒಪ್ಪಿಗೆಯಾದರೆ, ದಸರಾ ಮುಗಿದ ಮೇಲೆ ಕೈ ಕಟ್ಟಿ ಕೂರುವ ಸಂಘದ ಹೆಂಗಸರಿಗೆಲ್ಲ ಡಿಸೆಂಬರ್ ಕೊನೆಯವರೆಗೂ ಕೆಲಸ. ಒಪ್ಪಿಗೆಯಾಗದಿದ್ದರೆ ಅವರು ಪ್ಲಾಸ್ಟಿಕ್ಕಿನದು ತರಿಸಿಕೊಳ್ಳುತ್ತಾರೆ.

ಪ್ಲಾಸ್ಟಿಕ್ ಎಂಬ ಮಾತು ಕೇಳಿದ ಮೇಲೆ ನಾನು ಸುಮ್ಮನಿರುವ ಹೆಂಗಸಲ್ಲ. ಈ ಗೊಂಬೆಯ ಹೊಳಪಿಗೆ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ತಾಗಬಾರದು ಎಂದು ಅಪ್ಪಣೆ ಮಾಡಿದೆ.

ಸವಿತಾ ಆ ಪೆನ್‌ಡ್ರೈವನ್ನು ಮೊದಲು ಬಸ್ ನಿಲ್ದಾಣದ ಹಿಂದಿನ ನಾಗರಾಜುವಿನ ಕಂಪ್ಯೂಟರ್ ಅಂಗಡಿಗೆ ಒಯ್ದು, ನಮ್ಮ ಗೊಂಬೆಗಳ ಫೋಟೋ ಎಲ್ಲ ಅದಕ್ಕೆ ತುಂಬಿಸಿದಳು. ಸಾಹೇಬರು ಕಂಪ್ಯೂಟರಿಗೆ ಚುಚ್ಚಿದ ತಕ್ಷಣ ನಮ್ಮ ಕೆಲಸವೆಲ್ಲ ಪರದೆಯ ಮೇಲೆ ಕಾಣಬೇಕು, ಅದು ಅವಳ ಉಪಾಯ. ಫೋಟೋಗಳು ಕಂಡದ್ದನ್ನು ನಾನೂ ಕಣ್ಣಾರೆ ನೋಡಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ನಾನಿನ್ನೂ ಅದನ್ನು ಮುಟ್ಟಿರಲಿಲ್ಲ.

ಗಂಡ ಆಲೆ ಮರದಲ್ಲಿ ಪೇಟ ಸುತ್ತಿದ ಒಬ್ಬ ಗಿಡ್ಡ ಪಟೇಲನನ್ನು ಕಡೆದರು. ಪೇಟ ಕಿತ್ತರೆ ಒಳಗಿನಿಂದ ಪೆನ್‌ಡ್ರೈವಿನ ತಗಡಿನ ಬಾಯಿ ಕಾಣುತ್ತದೆ. ನಾನು ಪೇಟಕ್ಕೆ ಕೆಂಪು, ಅಂಗಿಗೆ ಹಳದಿ ಹಾಕಿ, ತಾಳೆಗರಿಯಲ್ಲಿ ಉಜ್ಜಿ, ಮೀಸೆ ಬರೆದೆ. ಪಟೇಲ ಕನ್ನಡಿಯ ಹಾಗಾದ. ಪೇಟ ತೆಗೆದು ನೋಡಿದೆ. ತಗಡಿನ ಬಾಯೊಳಗೆ ಹಿತ್ತಾಳೆ ಬಣ್ಣದ ನಾಲ್ಕು ಸಣ್ಣ ಪಟ್ಟಿ.

ಹಿತ್ತಾಳೆಯ ಗುಣ ನನಗೆ ಗೊತ್ತಿಲ್ಲವೇ? ನಾಲ್ಕು ದಿನ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಕು. ಬಿಡದಿಯ ಸಾಹೇಬರು ಆಫೀಸಿನಲ್ಲಿ ಹುಣಸೆಹಣ್ಣು ಹಿಡಿದು ಕೂರುತ್ತಾರೆಯೇ? ಪಾಪ ಅನಿಸಿತು. ಸ್ಪಿರಿಟ್ಟಿನಲ್ಲಿ ಕರಗಿಸಿದ ಬಿಳಿ ಅರಗಿನ ಪಾಲಿಶ್ ಇತ್ತು. ಕಣ್ಣು ಹುಬ್ಬು ಬರೆಯುವ ಸಣ್ಣ ಕುಂಚ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ನಾಲ್ಕು ಪಟ್ಟಿಗೂ ಒಂದು ಕೋಟು ಕೊಟ್ಟೆ. ಒಣಗಿದ ಮೇಲೆ ಬಳಿದದ್ದೇ ಕಾಣದು, ಹೊಳಪು ಮಾತ್ರ ಕಾಣುತ್ತದೆ. ಅಂಥ ಕೈ ನನ್ನದು. ಯಾರಿಗೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿ ಡಂಗುರ ಹೊಡೆಯಬಾರದು.

ಮಾರನೆಯ ದಿನ ಸವಿತಾ ಪಟೇಲನನ್ನು ಒಂದು ಸಲ ಪರೀಕ್ಷೆ ಮಾಡಿಸಲು ನಾಗರಾಜುವಿನ ಅಂಗಡಿಗೆ ಒಯ್ದಳು. ಬರುವಾಗ ಮುಖ ಬಾಡಿತ್ತು. ಕಂಪ್ಯೂಟರು ಸದ್ದೇ ಮಾಡಲಿಲ್ಲವಂತೆ. ನಾಗರಾಜು ಮುಂದಿನ ತೂತಿಗೆ ಹಾಕಿದನಂತೆ, ಹಿಂದಿನ ತೂತಿಗೆ ಹಾಕಿದನಂತೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದನಂತೆ. ಅಷ್ಟಕ್ಕೆ ಅವನ ವಿದ್ಯೆ ಮುಗಿಯಿತು. ನಮ್ಮ ಲೇತು ಕೆಟ್ಟರೆ ಗಂಡನೂ ಅಷ್ಟೇ ಮಾಡುತ್ತಾರೆ, ಅದಕ್ಕೆ ಅಂಗಡಿ ಯಾಕೆ?

ನಾನು ಪೇಟ ತೆಗೆದು ಒಳಗೆ ನೋಡಿದೆ. ಆ ಪುಣ್ಯಾತ್ಮ ಹಾಕಿ ತೆಗೆದು ಹಾಕಿ ತೆಗೆದು ನನ್ನ ಪಾಲಿಶಿನ ಮೇಲೆ ಗೀರು ಎಳೆದಿದ್ದ! ಸೊಸೆ ಅಡಿಗೆಮನೆಯಲ್ಲಿದ್ದಳು. ಮಾತಾಡದೆ ಎರಡನೆಯ ಕೋಟು ಕೊಟ್ಟೆ.

ಬುಧವಾರ ನಾನೂ ಅಂಗಡಿಗೆ ಹೋದೆ. ನಾಗರಾಜುವಿನ ಕೈಗೆ ಪಟೇಲನನ್ನು ಒಬ್ಬನೇ ಕಳಿಸಲು ಧೈರ್ಯ ಸಾಲಲಿಲ್ಲ. ನಾಗರಾಜು ಅದರೊಳಗೆ ವೈರಸ್ ಇರಬಹುದು ಎಂದ. ವೈರಸ್ ಎಂದರೆ ಏನೆಂದು ಕೇಳಿದೆ. ಕಣ್ಣಿಗೆ ಕಾಣದ ರೋಗ ಎಂದ. ನಮ್ಮ ಮನೆಯ ಸಾಮಾನಿಗೆ ರೋಗವಿಲ್ಲ, ನಿನ್ನ ಕಂಪ್ಯೂಟರಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿದೆ, ರೋಗ ಅಲ್ಲಿ ಹುಡುಕು ಎಂದೆ. ಅವನು ಪಟೇಲನ ತಲೆಯನ್ನು ತೂತಿಗೆ ಒತ್ತಿದ, ಎಳೆದ, ಅಲ್ಲಾಡಿಸಿದ, ಮತ್ತೆ ಒತ್ತಿದ. ರಾಗಿ ಮುದ್ದೆ ತೊಳಸುವವನೂ ಅಷ್ಟು ಜೋರು ಮಾಡುವುದಿಲ್ಲ. ಆಗ ಕಂಪ್ಯೂಟರು ಟಿಣಿಂಗ್ ಎಂದಿತು. ಪರದೆಯ ಮೂಲೆಯಲ್ಲಿ ಒಂದು ಚೀಟಿ ಮೂಡಿತು. ಸವಿತಾ ಬಗ್ಗಿ ಓದಿದಳು.

"ಏನೋ ಬಂದೈತೆ ಅಂತ ಗೊತ್ತಾಗೈತೆ ಅತ್ತೆ. ಯಾವ್ದು ಅಂತ ಗುರ್ತು ಸಿಗ್ತಿಲ್ವಂತೆ."

"ಬಾಗ್ಲು ಬಡ್ದೋರು ಯಾರು ಅಂತ ಎದ್ದು ಬಂದು ನೋಡಕ್ಕೆ ಏನು ಬಂದೈತೆ ಇದುಕ್ಕೆ?" ಎಂದೆ.

"ಒಸಿ ಇರವ್ವ," ಎಂದ ನಾಗರಾಜು. "ಸದ್ದು ಬಂತಲ್ಲ, ದಾರಿಗೆ ಬತ್ತಾ ಐತೆ. ಇನ್ನೂ ಒಂದತ್ತು ಸಲ ಹಾಕಿ ತಗುದ್ರೆ ಓಪನ್ ಆಯ್ತದೆ."

ಈಗ ಯೋಚಿಸಿದರೆ ಆ ಮನುಷ್ಯ ಹೇಳಿದ್ದು ಅಪ್ಪಟ ಸತ್ಯ. ಒಂದು ಹತ್ತು ಸಲ ಬಿಟ್ಟಿದ್ದರೆ ಪಾಲಿಶ್ ಸವೆದು ಎಲ್ಲ ಸರಿಹೋಗುತ್ತಿತ್ತು. ನಾನು ಬಿಡಲಿಲ್ಲ. ಪಟೇಲನ ಕತ್ತು ಹಿಡಿದು ಎಳೆದುಕೊಂಡು, ನಿನ್ನ ಕೈಗೆ ಕೊಟ್ಟರೆ ಶುಕ್ರವಾರಕ್ಕೆ ಮೀಸೆಯೂ ಉಳಿಯದು ಎಂದು ಬೈದು ಮನೆಗೆ ಬಂದೆ. ನೋಡಿದರೆ ನಾಲ್ಕು ಪಟ್ಟಿಯಲ್ಲಿ ಎರಡರ ಹೊಳಪು ಪೂರ್ತಿ ಹೋಗಿತ್ತು. ಈ ಸಲ ಪಾಲಿಶನ್ನು ಸ್ವಲ್ಪ ಮಂದವಾಗಿಯೇ ಕಲಸಿದೆ. ಮೂರನೆಯ ಕೋಟು.

ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಬೀದಿಯ ಸಂಘದವರು ಬಂದು ಪಟೇಲನನ್ನು ನೋಡಿ ಅಬ್ಬಬ್ಬ ಎಂದು ಹೋಗಿದ್ದರು. ದೃಷ್ಟಿಯಾಗಿದೆ ಎಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಮನೆ ತುಂಬ ಘಾಟು. ಕೆಮ್ಮುತ್ತ ಹೊರಗೆ ಓಡಿದ ಗಂಡ ಬಾಗಿಲಲ್ಲಿ ನಿಂತು ಹೇಳಿದರು:

"ಕಣ್ಣು ಕಾಣ್ದೆ ಇರೋದು ಕಂಪ್ಯೂಟರ್‌ಗೆ ಕಣಮ್ಮಿ. ಗೊಂಬೆಗ್ಯಾಕೆ ಇಳೆ ತಗಿತೀಯಾ?"

"ಸುಮ್ಕಿರು ನೀನು. ಮರ ಕಡ್ಕೊಟ್ಟು ನಿನ್ ಕೆಲ್ಸ ಮುಗೀತು."

ಗುರುವಾರ ಸವಿತಾ ಊಟ ಮಾಡಲಿಲ್ಲ. ಸಂಘದ ಹೆಂಗಸರು ಬಾಗಿಲಿಗೆ ಬಂದು ಏನಾಯಿತು ಏನಾಯಿತು ಎಂದು ಕೇಳುತ್ತಿದ್ದರು, ಅವಳು ಎಲ್ಲರಿಗೂ ಆಗುತ್ತದೆ ಆಗುತ್ತದೆ ಎನ್ನುತ್ತಿದ್ದಳು. ಕೊನೆಗೆ, ನಮ್ಮ ಕೈಲಾಗದು ಎಂದು ಸಾಹೇಬರಿಗೆ ಫೋನು ಮಾಡಿಬಿಡುತ್ತೇನೆ ಎಂದಳು. ನಾನು ಫೋನು ಕಿತ್ತುಕೊಂಡೆ. ತಪ್ಪೆಲ್ಲ ನಾಗರಾಜುವಿನ ಹಳೆ ಕಂಪ್ಯೂಟರಿನದು, ಬಿಡದಿಯ ಕಂಪ್ಯೂಟರು ಹೊಸದು, ಕಣ್ಣು ಚುರುಕಾಗಿರುತ್ತದೆ, ನಮ್ಮ ಪಟೇಲನನ್ನು ನೋಡಿದ ತಕ್ಷಣ ಗುರುತು ಹಿಡಿಯುತ್ತದೆ ಎಂದು ಸಮಾಧಾನ ಹೇಳಿದೆ. ನಾನೂ ಜೊತೆಗೆ ಬರುತ್ತೇನೆ ಎಂದೂ ಹೇಳಿದೆ. ಅವಳಿಗೆ ಎರಡನೆಯ ಮಾತು ಸಮಾಧಾನ ತಂದ ಹಾಗೆ ಕಾಣಲಿಲ್ಲ.

ಶುಕ್ರವಾರ ರೈಲಿನಲ್ಲಿ ಬಿಡದಿಗೆ ಹೋದೆವು. ಸಾಹೇಬರು ಎಂದರೆ ವಯಸ್ಸಾದವರು ಎಂದುಕೊಂಡಿದ್ದೆ, ನೋಡಿದರೆ ಮೀಸೆ ಸರಿಯಾಗಿ ಬಂದಿಲ್ಲದ ಒಬ್ಬ ತಮ್ಮಯ್ಯ. ಪಟೇಲನನ್ನು ಕೈಯಲ್ಲಿ ಹಿಡಿದು ತುಂಬ ಚೆನ್ನಾಗಿದೆ ಎಂದರು. ಪೇಟ ತೆಗೆದು ಮಡಿಲ ಮೇಲಿಡುವಷ್ಟು ಸಣ್ಣ ಕಂಪ್ಯೂಟರಿಗೆ ಚುಚ್ಚಿದರು. ಸವಿತಾ ಕಣ್ಣು ಮುಚ್ಚಿಕೊಂಡಳು. ನಾನು ತೆರೆದುಕೊಂಡೇ ಇದ್ದೆ.

ಕಂಪ್ಯೂಟರು ತುಟಿ ಬಿಚ್ಚಲಿಲ್ಲ.

ಸಾಹೇಬರು ಪಟೇಲನನ್ನು ಅಂಗಾತ ಮಲಗಿಸಿ ಚುಚ್ಚಿದರು, ಬೋರಲು ಹಾಕಿ ಚುಚ್ಚಲು ನೋಡಿದರು, ಪಕ್ಕದ ಮೇಜಿನ ಕಂಪ್ಯೂಟರಿಗೂ ಹಾಕಿದರು. ಇಷ್ಟು ಓದಿದವರೂ ನಾಗರಾಜುವಿನ ವೈದ್ಯವನ್ನೇ ಮಾಡಿದರು. ಆಮೇಲೆ ಕುರ್ಚಿಗೆ ಒರಗಿದರು. ಮರದೊಳಗೆ ಕೂರಿಸುವಾಗ ಒಳಗೇನೋ ಕೆಟ್ಟುಹೋಗಿರಬೇಕು, ಒಂದರಲ್ಲೇ ಹೀಗಾದರೆ ಉಳಿದವುಗಳ ಗತಿಯೇನು, ಈ ವರ್ಷ ಪ್ಲಾಸ್ಟಿಕ್ಕಿನದನ್ನೇ ತರಿಸಿಕೊಳ್ಳುತ್ತೇವೆ ಎಂದು ಮೆಲ್ಲಗೆ ಹೇಳಿದರು. ಸವಿತಾ ಸರಿ ಸಾರ್ ಎಂದು ಎದ್ದೇಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

ಸಾಹೇಬರು ಪಟೇಲನನ್ನು ವಾಪಸು ಕೊಡುವ ಮೊದಲು ಒಂದು ಸಲ ಬೆಳಕಿಗೆ ಹಿಡಿದು ಬಾಯೊಳಗೆ ನೋಡಿದರು.

"ಕನೆಕ್ಟರ್ ಮಾತ್ರ ಎಷ್ಟು ಫಳಫಳ ಅಂತಿದೆ ನೋಡಿ. ನಾನು ಕೊಟ್ಟಾಗ ಹೀಗಿರಲಿಲ್ಲ."

ಇಷ್ಟು ದಿನದಲ್ಲಿ ನನ್ನ ಕೆಲಸವನ್ನು ಗುರುತಿಸಿದ ಮೊದಲ ಮನುಷ್ಯ! ಇನ್ನು ಸುಮ್ಮನಿರಲು ಸಾಧ್ಯವೇ?

"ಸುಮ್ ಸುಮ್ಕೆ ಹೊಳ್ದದಾ ಸ್ವಾಮಿ? ಮೂರು ಕೋಟು ಕೊಟ್ಟಿವ್ನಿ."

"ಎಲ್ಲಿಗೆ?"

"ಒಳ್ಗಡೆ ನಾಕು ಹಿತ್ತಾಳೆ ಪಟ್ಟಿ ಇಲ್ವಾ, ಅದುಕ್ಕೇಯ. ಬಿಳೀ ಅರಗು. ಇವಳು ಅಂಗ್ಡಿಗೆ ತಕ್ಕೊಂಡೋಗಿ ಕೆರಸ್ಕೊಂಡು ಬಂದಂಗೆಲ್ಲ ನಾನು ತಿರ್ಗ ಬಳ್ದಿವ್ನಿ. ಇನ್ನು ನಿಮ್ಮ ಮೊಮ್ಮಕ್ಕಳ ಕಾಲುಕ್ಕೂ ಕಪ್ಪಾಗಾಕಿಲ್ಲ."

ಸವಿತಾ ನಿಧಾನವಾಗಿ ಮತ್ತೆ ಕುರ್ಚಿಯ ಮೇಲೆ ಕೂತಳು. ಸಾಹೇಬರು ಒಂದು ಸಲ ಪಟೇಲನನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು.

"ಅಮ್ಮ, ಆ ಪಟ್ಟಿ ಮೇಲೆ ಕರೆಂಟ್ ಹರಿಯಬೇಕು. ಅರಗಿನ ಮೇಲೆ ಕರೆಂಟ್ ಹರಿಯತ್ತಾ?"

ಹರಿಯುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೇತಿನ ವೈರು ನೆನಪಿಗೆ ಬಂತು. ನೆಲದ ಮೇಲೆ ಕೂತು ದೇವರನ್ನು ಕರೆಯುತ್ತಿದ್ದ ಗಂಡ ನೆನಪಿಗೆ ಬಂದರು. ಈಗ ನನಗೂ ಯಾವುದಾದರೂ ದೇವರನ್ನು ಕರೆಯಬೇಕು ಅನಿಸಿತು. ಒಬ್ಬರ ಹೆಸರೂ ಬಾಯಿಗೆ ಬರಲಿಲ್ಲ.

"ಒಸಿ ಸ್ಪಿರಿಟ್ ಇದ್ರೆ ಕೊಡಿ ಸ್ವಾಮಿ," ಎಂದೆ. "ಒಂದ್ ಚೂರು ಹತ್ತಿ."

ಸಾಹೇಬರು ತರಿಸಿದರು. ಆದರೆ ನನ್ನ ಕೈಗೆ ಕೊಡಲಿಲ್ಲ. ತಾವೇ ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಮೂರೂ ಕೋಟು ಹೋಗುವವರೆಗೆ ಒರೆಸಿದರು. ಆರಲು ಬಿಟ್ಟು ಕಂಪ್ಯೂಟರಿಗೆ ಚುಚ್ಚಿದರು. ಟಿಣಿಂಗ್ ಎಂದಿತು. ಆನೆ, ಕುದುರೆ, ಬುಗುರಿ, ಗಿಲಕಿ, ನಮ್ಮ ಮನೆಯ ಸಾಮಾನೆಲ್ಲ ಪರದೆಯ ಮೇಲೆ ಸಾಲಾಗಿ ಬಂದು ನಿಂತಿತು. ಸವಿತಾ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ, ಸೆರಗು ಬಾಯಿಗೆ ಅಡ್ಡ ಇತ್ತು. ಸಾಹೇಬರು ಅಕ್ಕಪಕ್ಕದ ಕೋಣೆಯವರನ್ನೆಲ್ಲ ಕರೆದರು. ಗೊಂಬೆ ತೋರಿಸಲು ಎಂದುಕೊಂಡೆ. ಬಂದವರು ಗೊಂಬೆಯನ್ನು ಒಂದು ಸಲ ನೋಡಿ, ನನ್ನನ್ನು ಎರಡು ಸಲ ನೋಡಿ, ಬಾಯಿ ಬಿಗಿಹಿಡಿದು ಹೊರಗೆ ಹೋಗಿ ನಕ್ಕರು. ಕೆಲಸ ಮಾತ್ರ ನಮಗೇ ಸಿಕ್ಕಿತು.

ಗಂಡನಿಗೆ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ರೈಲು ಹತ್ತಿದೆವು. ರಾಮನಗರ ದಾಟುವವರೆಗೆ ಸವಿತಾ ಕುಂಚ ಹಿಡಿಯುವ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ, ಬಳಿದದ್ದನ್ನು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದಳು. ನೀನು ಕೇಳಬೇಕಿತ್ತು ಎಂದೆ. ಪೆನ್‌ಡ್ರೈವಿನ ಬಾಯಿಗೆ ಪಾಲಿಶ್ ಬಳಿದಿರಾ ಎಂದು ಯಾವ ಸೊಸೆ ಯಾವ ಅತ್ತೆಯನ್ನು ಕೇಳುತ್ತಾಳೆ ಎಂದಳು. ನಾನು ಕಿಟಕಿಯಾಚೆ ಬಂಡೆ ನೋಡಿದೆ.

ಮನೆಯಲ್ಲಿ ಸೊಸೆ ಕಥೆಯೆಲ್ಲ ಹೇಳಿದಳು. ಕಿವುಡು ಗಂಡನಿಗೆ ಆ ದಿನ ಒಂದಕ್ಷರ ಬಿಡದೆ ಕೇಳಿಸಿತು. ಇಡ್ಲಿ ಮುರಿಯುತ್ತ ಅವರು ಹೇಳಿದರು:

"ಕಂಪ್ಯೂಟರ್‌ದೇನು ತಪ್ಪಿಲ್ಲ ಕಣಮ್ಮಿ. ಮದ್ವೆ ದಿನ ನಿನ್ ಮೊಕುಕ್ಕೆ ಅಂಗೇ ಅರಿಶ್ನ ಬಳ್ದು ಕೂರ್ಸಿದ್ರು. ನಂಗೂ ಗುರ್ತು ಸಿಗ್ನಿಲ್ಲ."

ವಾರ ಕಳೆದು ಕಾರ್ಖಾನೆಯಿಂದ ಆರ್ಡರಿನ ಕಾಗದ ಬಂತು. ಸವಿತಾ ಸಂಘದವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಓದಿದಳು. ಇಂಥ ಮರ, ಇಂಥ ಬಣ್ಣ, ಇಂಥ ದಿನದೊಳಗೆ. ಕೊನೆಯ ಸಾಲಿಗೆ ಬಂದಾಗ ಕಾಗದ ಮಡಿಸಿದಳು. ನಾನು ಬಿಡಲಿಲ್ಲ, ಪೂರ್ತಿ ಓದಿಸಿದೆ. ಲೋಹದ ಭಾಗಕ್ಕೆ ಯಾವುದೇ ಕಾರಣಕ್ಕೂ, ಯಾರೂ, ಪಾಲಿಶ್ ಮಾಡತಕ್ಕದ್ದಲ್ಲ ಎಂದಿತ್ತು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

ಮದುವೆಯಾಗಿ ಬಂದಾಗಿನಿಂದ ಗೊಂಬೆಗಳಿಗೆ ಹೊಳಪು ಕೊಟ್ಟಿದ್ದೇನೆ. ಯಾವ ಊರಿನ ಯಾವ ಕಾಗದದಲ್ಲೂ ನನ್ನ ಕೆಲಸದ ಬಗ್ಗೆ ಒಂದಕ್ಷರ ಬಂದಿರಲಿಲ್ಲ. ಈಗ ಒಂದು ಇಡೀ ಸಾಲು ಬಂದಿದೆ, ಕೆಳಗೆ ಸಾಹೇಬರ ಸಹಿಯೂ ಇದೆ. ಹೆಸರು ಹಾಕಿಲ್ಲ, ಅಷ್ಟೇ. ಹಾಕುವ ಅಗತ್ಯವೂ ಇರಲಿಲ್ಲ.