ವಕುಳಾದೇವಿಯ ಆರ್ದ್ರಕೇಶ ಸಂಗ್ರಾಮ

ಆಲಿಸಿರಿ, ಕೇಶವಂತರೇ! ಆಲಿಸಿರಿ, ಟವೆಲ್ಲಿನ ಒಂದೇ ಸವರಿನಲ್ಲಿ ತಲೆಸ್ನಾನವನ್ನು ಮುಗಿಸಿಬಿಡುವ, ನನ್ನಂಥ ಬೋಳುತಲೆಯ ಭಾಗ್ಯಶಾಲಿಗಳೇ! ಮೊಬೈಲಿಗೆ ಇನ್ನೂ ಕಣ್ಣು ಮೂಡಿರದಿದ್ದ, ಫೋಟೋ ಎಂಬುದು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಗರ್ಭವಾಸ ಮುಗಿಸಿಯೇ ಲೋಕಕ್ಕೆ ಬರುತ್ತಿದ್ದ ಆ ಪುರಾತನ ಯುಗದಲ್ಲಿ, ಮಲ್ಲಿಕಾಪರಿಮಳಪರಿವೃತ ಮೈಸೂರು ಪಟ್ಟಣದ ಅಗ್ರಹಾರದ ಓಣಿಯಲ್ಲಿ, ಮಂಡಿಯವರೆಗೆ ಇಳಿದ ಕೃಷ್ಣಭುಜಂಗಸನ್ನಿಭ ಕೇಶರಾಶಿಯನ್ನು ತಲೆಯಲ್ಲೂ ಏಳು ತಿಂಗಳ ಕೂಸನ್ನು ಹೊಟ್ಟೆಯಲ್ಲೂ ಹೊತ್ತು, ಯಾವುದನ್ನು ಮೊದಲು ಇಳಿಸಲೆಂದು ತಿಳಿಯದೆ ಬಳಲುತ್ತಿದ್ದ ವಕುಳಾದೇವಿಯ ಮಹಿಮೆಯನ್ನು ಹೇಳುತ್ತೇನೆ. ನಡುವೆ ಯಾರೂ ಕೆಮ್ಮಬೇಡಿ.

ಅಂದು ಅವಳ ಸೀಮಂತ. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಮೊಗ್ಗಿನ ಜಡೆ, ಆಮೇಲೆ ಫೋಟೋ. ಕೇಳುವುದಕ್ಕೆ ಸಲೀಸು. ಆದರೆ ಮಲ್ಲಿಗೆ ಮೊಗ್ಗಿಗೆ ತನ್ನದೇ ಹಟವಿದೆ: ಸಂಜೆಯಾದರೆ ಯಾರ ಮಾತನ್ನೂ ಕೇಳದೆ ಅರಳಿಬಿಡುತ್ತದೆ. ಅರಳಿದರೆ ಜಡೆ ಹಾಳು. ಹಸಿಗೂದಲಿಗೆ ಹೊಲಿದರೆ ಮೊಗ್ಗು ಕಂದುತ್ತದೆ, ಆಗಲೂ ಜಡೆ ಹಾಳು. ತಾಯಿ ಕನಕಮ್ಮ ಮಗಳ ತಲೆಗೆ ಹರಳೆಣ್ಣೆಯನ್ನು ಧಾರಾಳವಾಗಿ ಸುರಿದಿದ್ದರಿಂದ ಸೀಗೇಕಾಯಿ ಎರಡು ಸಲ ಸೋತು ಮೂರನೆಯ ಸಲ ಗೆದ್ದು, ಅವಳು ಬಚ್ಚಲಿನಿಂದ ಹೊರಬರುವ ಹೊತ್ತಿಗೆ ಸೂರ್ಯ ನೆತ್ತಿಗೇರಿದ್ದ.

ಈ ಯುದ್ಧದಲ್ಲಿ ಪ್ರಾಣವನ್ನೇ ಪಣಕ್ಕಿಟ್ಟಿದ್ದವರು ಅತ್ತೆ ಚೂಡಾಮಣಮ್ಮ. ಮೊಗ್ಗಿನ ಜಡೆಯ ಫೋಟೋ ಎಂದರೆ ಬೆನ್ನ ಹಿಂದೆ ಕನ್ನಡಿ ನಿಲ್ಲಿಸಬೇಕು. ಮುಖದ ಜೊತೆಗೆ ಜಡೆಯೂ ಕಾಣಬೇಕು. ಅವರ ಸೀಮಂತದಲ್ಲಿ ಕನ್ನಡಿ ಇಡುವುದನ್ನೇ ಮರೆತಿದ್ದರು. ನಡುಮನೆಯ ಗೋಡೆಯ ಆ ಪಟದಲ್ಲಿ ಮೂಗುತಿ ಕಾಣುತ್ತದೆ, ಗಾಬರಿ ಕಾಣುತ್ತದೆ, ಜಡೆ ಮಾತ್ರ ಇಲ್ಲ. "ನನಗೂ ಇಲ್ಲೀವರೆಗೆ ಇತ್ತು ಕಣ್ರೀ" ಎಂದು ಅವರು ಮಂಡಿ ಮುಟ್ಟಿ ತೋರಿಸಿದಾಗಲೆಲ್ಲ ಬಂದವರು "ಹೌದಾ" ಎಂದು ಕಾಫಿ ಕುಡಿಯುತ್ತಿದ್ದರು. ಆ ‘ಹೌದಾ’ ಅವರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಸೊಸೆಯ ಜಡೆಯಾದರೂ ಕನ್ನಡಿಯಲ್ಲಿ ಕಾಣಲೇಬೇಕು!

ಆಗ ತಾರಸಿಯ ಮೆಟ್ಟಿಲ ಬುಡದಲ್ಲಿ ನಿಂತು, ಸೌಟುಧಾರಿಣಿಯೂ ಸಂಡಿಗೆಸಾಮ್ರಾಜ್ಯಧುರಂಧರೆಯೂ ಆದ ಚೂಡಾಮಣಮ್ಮ ಗರ್ಜಿಸಿದರು: "ಬಿಸಿಲಿಗೆ ಕೂರಿಸಿ ಬೀಗಿತ್ತಿಯವರೇ! ನಮ್ಮನೆ ತಾರಸಿ ಬಿಸಿಲು ಅಂದ್ರೆ ಏನಂದ್ಕೊಂಡ್ರಿ? ಹಪ್ಪಳ, ಸಂಡಿಗೆ, ಏನ್ ಹಾಕಿದ್ರೂ ಮಧ್ಯಾಹ್ನದೊಳಗೆ ಗರಿಗರಿ. ಕೂದಲು ಯಾವ ಲೆಕ್ಕ!"

ಧೂಪದ ಬುಟ್ಟಿಯನ್ನು ಗುರಾಣಿಯಂತೆ ಎದೆಗೊತ್ತಿಕೊಂಡು ಕನಕಮ್ಮ ಎದುರು ನಿಂತರು. "ನಮ್ಮ ಹುಡುಗಿ ಸಂಡಿಗೆ ಅಲ್ಲವಲ್ಲ ಬೀಗಿತ್ತಿಯವರೇ. ಬಸರಿ ಹೆಂಗಸನ್ನ ಬಿಸಿಲಲ್ಲಿ ಒಣಗಿಸ್ತಾರಾ? ಕೆಂಡಕ್ಕೆ ಸಾಂಬ್ರಾಣಿ ಹಾಕಿ ಬುಟ್ಟಿ ಕವುಚಿ, ಮೇಲೆ ಕೂದಲು ಹರಡಿದ್ರೆ ಸಾಕು. ನಮ್ಮಜ್ಜಿ ಕಾಲದಿಂದ ಈ ಹೊಗೆ ಸೋತಿದ್ದೇ ಇಲ್ಲ."

"ಅಮ್ಮಾ, ನಂಗೆ ಹಸಿವು" ಎಂದಳು ವಕುಳಾ. ಮಹಾಯುದ್ಧಗಳಲ್ಲಿ ರಣರಂಗದ ಅಭಿಪ್ರಾಯವನ್ನು ಕೇಳುವ ಪದ್ಧತಿ ಇಲ್ಲ.

ಅತ್ತೆಯ ಮನೆ, ಅತ್ತೆಯ ಬಿಸಿಲು. ಮೊದಲು ತಾರಸಿಯೇ ಗೆದ್ದಿತು. ವಕುಳಾ ಮೇಲೇರಿ ಕೂತು ಕೂದಲು ಹರಡಿದ್ದೇ ತಡ, ಚಾಮುಂಡಿಬೆಟ್ಟದ ಕಡೆಯಿಂದ ಮೋಡವೊಂದು ಬಂದು ಸೂರ್ಯನ ಮೇಲೆ ಕಂಬಳಿ ಹೊದಿಸಿತು. "ಅಯ್ಯೋ, ಬಿಸಿಲು ಎಲ್ಲಿ ಹೋಯ್ತು ಬೀಗಿತ್ತಿಯವರೇ?" ಎಂದು ಕನಕಮ್ಮ ಕೆಳಗಿನಿಂದ ವಿಚಾರಿಸಿದರು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತು ಎನ್ನುತ್ತೀರಿ!

ಆಮೇಲೆ ಧೂಪ. ನಭೋಮಂಡಲವ್ಯಾಪಿಯಾದ ಆ ಧೂಮ್ರಾಸ್ತ್ರ ಮನೆಯ ಸೊಳ್ಳೆಗಳನ್ನೆಲ್ಲ ಓಡಿಸಿತು, ಅಡುಗೆಯವರನ್ನು ಅಳಿಸಿತು, ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಬಿಂದಿಗೆ ಹಿಡಿದು ಬಂದರು. ವಕುಳಾ ಕೆಮ್ಮಿ ಕೆಮ್ಮಿ ಎದ್ದುಬಿಟ್ಟಳು. ಕೂದಲು ಘಮಘಮಿಸುತ್ತಿತ್ತು, ನೀರೂ ತೊಟ್ಟಿಕ್ಕುತ್ತಿತ್ತು. "ಸೋತಿದ್ದೇ ಇಲ್ಲ ಅಂದ್ರಲ್ಲ?" ಎಂದರು ಚೂಡಾಮಣಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

ಇಂಥ ವಿಷಮ ಗಳಿಗೆಯಲ್ಲಿ ಪ್ರವೇಶಿಸಿದವನು ಪತಿ ಮುಕುಂದ, ಆಫೀಸಿನ ಗೆಳೆಯನಿಂದ ಎರವಲು ತಂದ ಹೇರ್ ಡ್ರೈಯರ್ ಹಿಡಿದು. "ಎಲ್ಲಾ ಪಕ್ಕಕ್ಕೆ ಸರೀರಿ. ಇದು ವಿದೇಶಿ ಮಾಲು. ಸೂರ್ಯನೂ ಬೇಡ, ಸಾಂಬ್ರಾಣಿನೂ ಬೇಡ" ಎಂದು ಘೋಷಿಸಿ, ವಡೆ ಹಿಟ್ಟು ರುಬ್ಬುತ್ತಿದ್ದ ಗ್ರೈಂಡರಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ ಒತ್ತಿದ. ಟಪ್! ಡ್ರೈಯರ್ ನಿಂತಿತು. ಗ್ರೈಂಡರ್ ನಿಂತಿತು. ನಡುಮನೆಯ ಫ್ಯಾನು ನಿಂತಿತು. ಫ್ಯೂಸು ಹೋಗಿತ್ತು.

ಮರುಕ್ಷಣ ಉಭಯ ಸೇನೆಗಳೂ ಒಂದಾದವು. "ಬುದ್ಧಿ ಇದ್ಯೇನೋ ನಿಂಗೆ?" ಎಂದರು ಚೂಡಾಮಣಮ್ಮ. "ವಡೆ ಹಿಟ್ಟು ಅರ್ಧಕ್ಕೇ ನಿಂತೋಯ್ತಲ್ಲ ಅಳಿಯಂದ್ರೇ!" ಎಂದರು ಕನಕಮ್ಮ. ಮುಕುಂದ ಫ್ಯೂಸ್ ತಂತಿ ಹುಡುಕುವ ನೆಪದಲ್ಲಿ ರಣಭೂಮಿಯಿಂದ ಪಲಾಯನಗೈದ. ಹಿಟ್ಟನ್ನು ಒರಳಿಗೆ ಹಾಕಿ, ಒಬ್ಬರು ತಿರುವಿ ಒಬ್ಬರು ತಳ್ಳಿ, ಅವನನ್ನು ಬೈದು ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು.

"ಅಯ್ಯಯ್ಯೋ, ಕೂದಲು!"

ಓಡಿಬಂದು ನೋಡಿದರೆ ವಕುಳಾ ಹಿತ್ತಿಲ ಜಗಲಿಯಲ್ಲಿ ಹೋಳಿಗೆ ತಿಂದು ಮಲಗಿ ನಿದ್ದೆ ಹೋಗಿದ್ದಾಳೆ. ಹಿತ್ತಿಲ ಗಾಳಿಗೆ ಕೂದಲು ತನ್ನ ಪಾಡಿಗೆ ತಾನು ಒಣಗಿದೆ. ಬೀಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮ ಬಿಸಿಲಿನ ಕಾವು ಅದರಲ್ಲೇ ಇತ್ತು" ಎಂದರು ಒಬ್ಬರು. "ಹೊಗೆ ನಿಧಾನಕ್ಕೆ ಕೆಲಸ ಮಾಡತ್ತೆ" ಎಂದರು ಇನ್ನೊಬ್ಬರು.

ಒದ್ದೆ ಬಟ್ಟೆಯೊಳಗೆ ಮೊಗ್ಗುಗಳು ಆಗಲೇ ತುಟಿ ಸಡಿಲಿಸುತ್ತಿದ್ದವು. ಚೂಡಾಮಣಮ್ಮ ಹೆಣೆದರು, ಕನಕಮ್ಮ ಹೊಲಿದರು. ಜಡೆ ಬಿಲ್ಲೆ ಏರಿತು, ತುದಿಯಲ್ಲಿ ಕುಚ್ಚು ಇಳಿಯಿತು. ಫೋಟೋದವನು ಬಂದ. ಕನ್ನಡಿ ಬೆನ್ನ ಹಿಂದೆ ನಿಂತಿತು. ಅದನ್ನು ಚೂಡಾಮಣಮ್ಮ ಸ್ವತಃ ಒರೆಸಿ, ಮುಟ್ಟಿ, ಇದೆಯೆಂದು ಖಾತ್ರಿ ಮಾಡಿಕೊಂಡರು. "ರೀಲಲ್ಲಿ ಕೊನೇದು ಒಂದೇ ಉಳಿದಿರೋದು. ಯಾರೂ ಅಲ್ಲಾಡ್ಬೇಡಿ" ಎಂದ ಅವನು.

"ಕುಚ್ಚು ತಿರುಚಿಕೊಂಡಿದೆ!" ಎಂದು ಇಬ್ಬರೂ ಒಟ್ಟಿಗೇ ವಕುಳಾಳ ಬೆನ್ನ ಹಿಂದೆ ಬಗ್ಗಿದರು. ಕ್ಲಿಕ್ ಎಂದಿತು. "ಆಯ್ತು" ಎಂದ ಅವನು.

ಮುಂದಿನ ವಾರ ಫೋಟೋ ಬಂತು. ಅರಳಿ ಬಾಡಿದ ಮೊಗ್ಗುಗಳು ಅಷ್ಟರಲ್ಲಿ ತಿಪ್ಪೆ ಸೇರಿದ್ದವು. ಚಿತ್ರದಲ್ಲಿ ವಕುಳಾಳ ಮುಖ ಚೆನ್ನಾಗಿ ಬಂದಿತ್ತು. ಕನ್ನಡಿಯೂ ಚೆನ್ನಾಗಿ ಬಂದಿತ್ತು. ಅದರ ತುಂಬ ಎರಡು ಬಗ್ಗಿದ ಬೆನ್ನು, ಎರಡು ನರೆತ ತುರುಬು, ನಿಂಬೆಹಣ್ಣಿನಷ್ಟು ಗಾತ್ರ. ಜಡೆಯ ಒಂದು ಮೊಗ್ಗೂ ಕಾಣಲಿಲ್ಲ.

ಚೂಡಾಮಣಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಈ ಎಡಗಡೇದು ಯಾರ ತುರುಬು?"

"ನಿಮ್ದೇ ಅತ್ತೆ."

ಅವರ ಕೈ ಮೆಲ್ಲಗೆ ತಲೆಯ ಹಿಂದಕ್ಕೆ ಹೋಗಿ ತಡವಿತು. "ಇಷ್ಟೇನಾ?" ಎಂದರು.

ಕನಕಮ್ಮ ಹತ್ತಿರ ಸರಿದು ಕೂತರು. "ನಂದು ನೋಡಿ ಬೀಗಿತ್ತಿಯವರೇ, ಅಷ್ಟೂ ಇಲ್ಲ" ಎಂದರು.